ಕೂಸಿಗೊಂದು ಪತ್ರ, ಜೊತೆಗೆ ಒಂದು ಗಂಟು ಪುಸ್ತಕ

ಕೂಸೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಹೇಳಲು ಆಗಲಿಲ್ಲ. ಅಂಗಳದಲ್ಲಿ ಅಡಿಕೆ ಹರವಿತ್ತು, ಮೋಡ ಕಟ್ಟಿತ್ತು, ಅಪ್ಪ ಹೊರಗಿಂದ ಕೂಗುತ್ತಿದ್ದರು. "ದಿನಾ ಲೋಕಲ್ ರೈಲಿನಲ್ಲಿ ಎರಡು ತಾಸು ಹೋಗ್ತದೆ, ಫೋನ್ ನೋಡಿ ನೋಡಿ ಕಣ್ಣು ಉರೀತದೆ, ಯಾವುದಾದ್ರೂ ಕನ್ನಡ ಪುಸ್ತಕ ಹೇಳು ಆಯಿ, ಆದ್ರೆ ತೀರಾ ಹಳೇದು ಬೇಡ" ಅಂದೆ. ನನ್ನ ಮನಸ್ಸಿಗೆ ಬಂದದ್ದೆಲ್ಲ ಹಳೇದೇ. ನಿಂತಲ್ಲೇ ಹೇಳಿ ಮುಗಿಸುವ ಮಾತೂ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದವಾಗಬಹುದು, ಎರಡು ಸಲ ಮಾಡಿ ಓದು.

ಹಳೇದು ಯಾಕೆ ಬೇಡ ಅಂತೀಯಾ ಅಂತ ನನಗೆ ಗೊತ್ತು. ಶಾಲೆಯಲ್ಲಿ ಒಂದು ಕಾದಂಬರಿಯ ನಾಲ್ಕು ಪುಟ ಕಿತ್ತು ಪಾಠ ಮಾಡುತ್ತಾರೆ, ಕೆಳಗೆ 'ಸಂದರ್ಭಸಹಿತ ಸ್ವಾರಸ್ಯ ವಿವರಿಸಿ' ಅಂತ ಇರುತ್ತದೆ, ಅದಕ್ಕಿಂತ ಹಿಂದೆ ಏನಾಗಿತ್ತು, ಮುಂದೆ ಏನಾಯಿತು ಅಂತ ಯಾರೂ ಹೇಳುವುದಿಲ್ಲ. ಹಾಗೆ ಓದಿದ್ದು ಯಾರಿಗೂ ಹತ್ತುವುದಿಲ್ಲ. ಅದರ ಮೇಲೆ ದೊಡ್ಡವರೆಲ್ಲ ಸೇರಿ ಇದು ಮಹಾಕೃತಿ, ಓದಲೇಬೇಕು ಅಂತ ಹೆದರಿಸಿಬಿಡುತ್ತಾರೆ. ನಾನು ಯಾವುದನ್ನೂ ಓದಲೇಬೇಕು ಅನ್ನುವುದಿಲ್ಲ. ಯಾವುದನ್ನು ಯಾಕೆ ಓದು ಅಂತ ಹೇಳುತ್ತೇನೆ. ಯಾವುದನ್ನು ಈಗ ಬಿಡು ಅಂತಲೂ ಹೇಳುತ್ತೇನೆ.

ನನಗೆ ಹಳೇ ಪುಸ್ತಕ ಹತ್ತಿದ್ದಕ್ಕೆ ಒಂದೇ ಕಾರಣ. ನಮ್ಮ ಮನೆಗಳ ಹಿರಿಯ ಹೆಂಗಸರು ತಮ್ಮ ಬಗ್ಗೆ ಬಾಯಿ ಬಿಟ್ಟವರೇ ಅಲ್ಲ. ಶಿರಸಿಯ ತವರಿನಲ್ಲಿ ನನ್ನ ಅಜ್ಜಿಯ ಅಕ್ಕ ಒಬ್ಬರಿದ್ದರು, ದೊಡ್ಡಜ್ಜಿ ಅನ್ನುತ್ತಿದ್ದೆವು. ಕೆಂಪು ಸೀರೆ, ಬೋಳು ತಲೆ, ಅದರ ಮೇಲೆ ಸೆರಗು. ಬೆಳಗಾಗುವ ಮೊದಲೇ ಎದ್ದು ಮಜ್ಜಿಗೆ ಕಡೆಯುತ್ತಿದ್ದರು. ಮದುವೆ ಮುಂಜಿ ಬಂದರೆ ಒಳಗಿನ ಕೋಣೆ ಸೇರಿಬಿಡುತ್ತಿದ್ದರು. ನಿಮಗೆ ಎಷ್ಟು ವಯಸ್ಸಿಗೆ ಮದುವೆಯಾಯಿತು, ಗಂಡನ ಮುಖ ನೆನಪಿದೆಯಾ ಅಂತ ಒಂದು ಸಲ ಕೇಳಿದ್ದೆ. "ಆವಾಗ ಹಂಗೇ ಇತ್ತು ಕೂಸೇ" ಅಂದರು, ಅಷ್ಟೇ. ಮತ್ತೆ ಕಡಗೋಲು ಹಿಡಿದರು. ಅವರು ತೀರಿಕೊಂಡ ಮೇಲೆ ಬಹಳ ವರ್ಷಕ್ಕೆ ನಾನು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಓದಿದೆ. ದೊಡ್ಡಜ್ಜಿ ಹೇಳದೇ ಬಿಟ್ಟದ್ದೆಲ್ಲ ಅಲ್ಲಿತ್ತು. ಪುಸ್ತಕ ಮಡಚಿಟ್ಟು ಅತ್ತೆ.

ಹಾಗಾಗಿ ನಿನ್ನ ಮೊದಲ ಪುಸ್ತಕ 'ಫಣಿಯಮ್ಮ'. 1976ರಲ್ಲಿ ಬಂದದ್ದು, ಸಣ್ಣದು, ಒಂದು ವಾರದ ರೈಲು ಪ್ರಯಾಣಕ್ಕೆ ಜಾಸ್ತಿಯೇ ಆಯಿತು. ಮಲೆನಾಡಿನ ಒಂದು ದೊಡ್ಡ ಮನೆ, ಆಟ ಆಡುವ ವಯಸ್ಸಿಗೇ ಮದುವೆಯಾದ ಹುಡುಗಿ, ಮದುವೆ ಅಂದರೆ ಏನು ಅಂತ ತಿಳಿಯುವ ಮೊದಲೇ ಗಂಡ ಹೋದ. ಮುಂದೆ ಮೈನೆರೆದಾಗ ತಲೆಕೂದಲು ತೆಗೆಸುತ್ತಾರೆ. ಇಷ್ಟು ಹೇಳಿದರೆ ಅಳುಬುರುಕ ಕತೆ ಅಂದುಕೊಳ್ಳುತ್ತೀಯ. ಹಾಗಿಲ್ಲ. ಇಂದಿರಾ ಎಲ್ಲಿಯೂ ಎದೆ ಬಡಿದುಕೊಳ್ಳುವುದಿಲ್ಲ. ಮನೆಯಲ್ಲಿ ಯಾರೋ ಕೂತು ಹಳೇ ಸುದ್ದಿ ಹೇಳುವ ಹಾಗೆ ಹೇಳುತ್ತಾ ಹೋಗುತ್ತಾರೆ, ಫಲಹಾರ, ಮಡಿ, ಬಾಣಂತನ, ಹಬ್ಬದ ಅಡುಗೆ ಎಲ್ಲ ಬರುತ್ತದೆ, ಅದರ ನಡುವೆ ಒಬ್ಬ ಹೆಂಗಸು ಒಳಗಿಂದೊಳಗೇ ಗಟ್ಟಿಯಾಗುತ್ತಾ ಹೋಗುವುದು ಕಾಣುತ್ತದೆ. ಹೆರಿಗೆ ಆಗದೆ ಒದ್ದಾಡುತ್ತಿರುವ ಒಬ್ಬ ಹೊಲತಿಯ ಹತ್ತಿರ ಫಣಿಯಮ್ಮ ಹೋಗುವ ಭಾಗ ಇದೆ. ಜೀವಮಾನವಿಡೀ ಮಡಿಯಲ್ಲಿ ಬದುಕಿದ ಹೆಂಗಸು, ಯಾರನ್ನೂ ಮುಟ್ಟದವಳು, ತನ್ನ ಸಣ್ಣ ಕೈಯಿಂದ ಆ ಮಗುವನ್ನು ಹೊರಗೆ ತರುತ್ತಾಳೆ. ಅದನ್ನು ಓದುವಾಗ ನಿಲ್ಲಿಸಬೇಡ, ನಿನ್ನ ಸ್ಟೇಷನ್ ಬಂದರೂ ಒಂದು ಸ್ಟೇಷನ್ ಮುಂದೆ ಹೋಗಿ ಇಳಿ. ಮತ್ತೆ ದಾಕ್ಷಾಯಣಿ ಅನ್ನುವ ಎಳೇ ಹುಡುಗಿ, ಗಂಡ ಸತ್ತರೂ ತಲೆ ಬೋಳಿಸಿಕೊಳ್ಳುವುದಿಲ್ಲ ಅಂತ ಹಟ ಹಿಡಿಯುತ್ತಾಳೆ. ಊರೆಲ್ಲ ಬಾಯಿ ಬಡಿದುಕೊಳ್ಳುವಾಗ ಅವಳ ಪರ ನಿಲ್ಲುವವಳು ಈ ಮಡಿ ಅಜ್ಜಿ. ತನಗೆ ಆಗದ್ದು ಇನ್ನೊಬ್ಬಳಿಗಾದರೂ ಆಗಲಿ ಅಂತ ನಿಲ್ಲುವುದು ಇದೆಯಲ್ಲ, ಅದು ಎಲ್ಲರಿಗೂ ಬರುವುದಿಲ್ಲ. ನಾನು ಅನುಭವಿಸಿದ್ದೇನೆ, ಅವಳೂ ಅನುಭವಿಸಲಿ ಅನ್ನುವವರೇ ಜಾಸ್ತಿ.

ಇಂದಿರಾ ಅವರ ಬಗ್ಗೆಯೂ ಒಂದು ಮಾತು. 1917ರಲ್ಲಿ ಹುಟ್ಟಿದವರು, ಚಿಕ್ಕಂದಿನಲ್ಲೇ ಮದುವೆಯಾದವರು. ಅವರ ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ. ಲೆಕ್ಕ ಹಾಕು, ನಲವತ್ತೈದು ದಾಟಿತ್ತು. ಅಲ್ಲಿಯವರೆಗೆ ಸಂಸಾರ ಮಾಡುತ್ತಾ, ಕೇಳಿದ್ದನ್ನು, ಕಂಡದ್ದನ್ನು ತಲೆಯಲ್ಲಿ ಇಟ್ಟುಕೊಂಡಿದ್ದರು. ಇಪ್ಪತ್ತಾರಕ್ಕೇ "ನನ್ನಿಂದ ಇನ್ನೇನಾಗ್ತದೆ" ಅಂತ ನೀನು ಹೇಳುವಾಗೆಲ್ಲ ನನಗೆ ಇವರ ನೆನಪಾಗುತ್ತದೆ.

ಎರಡನೆಯದು ಕಾರಂತರ 'ಮರಳಿ ಮಣ್ಣಿಗೆ'. ಇದು ದಪ್ಪ ಪುಸ್ತಕ, ರೈಲಿನಲ್ಲಿ ನಿಂತು ಓದುವಂಥದ್ದಲ್ಲ, ಭಾನುವಾರಕ್ಕೆ ಇಟ್ಟುಕೋ. 1940ರ ದಶಕದ ಶುರುವಿನಲ್ಲಿ ಬಂದದ್ದು. ಕೋಟದ ಹತ್ತಿರದ ಕೋಡಿ ಅನ್ನುವ ಊರು, ಒಂದು ಕಡೆ ಕಡಲು, ಒಂದು ಕಡೆ ಹೊಳೆ, ಉಪ್ಪು ಗಾಳಿ, ಮೂರು ತಲೆಮಾರು. ದಕ್ಷಿಣ ಕನ್ನಡದ ಕತೆಯಾದರೂ ನಮ್ಮ ಕಡೆಯವರಿಗೆ ಏನೂ ಬೇರೆ ಅನ್ನಿಸುವುದಿಲ್ಲ. ಅದೇ ಆಷಾಢದ ಮಳೆ, ಅದೇ ಗಜನಿ ಗದ್ದೆಯ ವಾಸನೆ. ಎಲ್ಲರೂ ಈ ಕಾದಂಬರಿಯ ಬಗ್ಗೆ ಹೇಳುವಾಗ ರಾಮನ ಬಗ್ಗೆ ಹೇಳುತ್ತಾರೆ, ಪಟ್ಟಣ ನೋಡಿ, ಚಳವಳಿ ನೋಡಿ, ಊರಿಗೆ ಮರಳಿ ಬರುವ ಮೊಮ್ಮಗ. ನೀನು ರಾಮನನ್ನು ನೋಡು, ಬೇಡ ಅನ್ನುವುದಿಲ್ಲ. ಆದರೆ ಸರಸೋತಿಯ ಮೇಲೆ ಕಣ್ಣಿಡು. ಅವನ ಅಜ್ಜ ರಾಮ ಐತಾಳರ ತಂಗಿ, ವಿಧವೆ, ಅಣ್ಣನ ಮನೆಯಲ್ಲೇ ಇರುವವಳು. ಐತಾಳರ ಹೆಂಡತಿ ಪಾರೋತಿ, ಮಕ್ಕಳಿಲ್ಲ. ಐತಾಳರು ಇನ್ನೊಂದು ಮದುವೆ ಮಾಡಿಕೊಳ್ಳುತ್ತಾರೆ. ಈ ಇಬ್ಬರು ಹೆಂಗಸರು ಗೇಯುವುದನ್ನು ಕಾರಂತರು ಎಷ್ಟು ಹತ್ತಿರದಿಂದ ಬರೆದಿದ್ದಾರೆ ಅಂದರೆ, ಓದುತ್ತಾ ಕೂತವರಿಗೇ ಸೊಂಟ ನೋಯುತ್ತದೆ. ಆ ಮನೆ ನಿಂತದ್ದು ಐತಾಳರ ಪೌರೋಹಿತ್ಯದಿಂದ ಮಾತ್ರ ಅಲ್ಲ, ಇವರ ಗೇಯ್ಮೆಯಿಂದ. ಮುಂದೆ ಮಗ ಲಚ್ಚ ಇಂಗ್ಲಿಷ್ ಕಲಿತು ಹಾಳಾಗಿ ಹೋದ ಮೇಲೆ ಅವನ ಹೆಂಡತಿ ನಾಗವೇಣಿಗೆ ಆಸರೆಯಾಗುವವಳೂ ಸರಸೋತಿಯೇ.

ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಇದನ್ನು ಗಟ್ಟಿಯಾಗಿ ಓದುತ್ತಿದ್ದೆ. ಚಾವಡಿಯಲ್ಲಿ ಒಂದು ಬಲ್ಬು, ಸಾಲಾಗಿ ಮೆಟ್ಟುಗತ್ತಿ, ಎದುರಿಗೆ ಅಡಿಕೆ ರಾಶಿ. ಎಲ್ಲರ ಕೈ ನಡೆಯುತ್ತಿತ್ತು, ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ, ಕತ್ತಿಗೆ ಕಾಯಿ ತಾಗುವ ಟಕ್ ಟಕ್ ಬಿಟ್ಟರೆ ಬೇರೆ ಸದ್ದಿಲ್ಲ. ನಿನ್ನ ಅಜ್ಜಿಗೆ ಓದು ಬರುತ್ತಿರಲಿಲ್ಲ. ಸರಸೋತಿಯ ಭಾಗ ಬಂದಾಗ ಅವರ ಕೈ ನಿಂತಿತು. "ಇದು ನಮ್ಮನೆ ಕತೆನೇ ಅಲ್ದನೇ" ಅಂದರು. ಆ ರಾತ್ರಿ ಅವರು ತಮ್ಮ ಅತ್ತೆಯ ಬಗ್ಗೆ ಹೇಳಿದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ, ನಿನ್ನ ಅಪ್ಪನೂ ಕೇಳಿರಲಿಲ್ಲ. ಪುಸ್ತಕ ಮಾಡಿದ ಕೆಲಸ ಅದು. ಎದುರು ಕೂತು ಪ್ರಶ್ನೆ ಕೇಳಿದರೆ ಬಾಯಿ ಬಿಡದವರು ಇನ್ನೊಬ್ಬರ ಕತೆ ಕೇಳಿ ತಮ್ಮದನ್ನು ಹೇಳುತ್ತಾರೆ.

ಕಾರಂತರ ದಪ್ಪ ಪುಸ್ತಕ ನೋಡಿ ಹೆದರಿಕೆಯಾದರೆ 'ಚೋಮನ ದುಡಿ'ಯಿಂದ ಶುರು ಮಾಡು. 1933ರದ್ದು, ಒಂದೆರಡು ದಿನಕ್ಕೆ ಮುಗಿಯುತ್ತದೆ. ಒಂದು ತುಂಡು ಭೂಮಿ ಸ್ವಂತಕ್ಕೆ ಬೇಕು, ತಾನೇ ಉಳಬೇಕು, ಅಷ್ಟೇ ಚೋಮನ ಆಸೆ. ಅವನ ಮಗಳು ಬೆಳ್ಳಿಯನ್ನು ನಾನು ಇವತ್ತಿಗೂ ಮರೆತಿಲ್ಲ. 'ಬೆಟ್ಟದ ಜೀವ' ಕೂಡ ಕಳಿಸಿದ್ದೇನೆ, 1943ರದ್ದು. ಸುಬ್ರಹ್ಮಣ್ಯದ ಕಡೆ ಕಾಡಿನ ನಡುವೆ ಅಡಿಕೆ ತೋಟ ಮಾಡಿಕೊಂಡಿರುವ ಗೋಪಾಲಯ್ಯ, ಅವರ ಹೆಂಡತಿ ಶಂಕರಮ್ಮ. ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ದಾರಿ ತಪ್ಪಿ ಬಂದ ಯಾರೋ ಒಬ್ಬನಿಗೆ ಬಿಸಿನೀರು ಕಾಸಿ, ಎಣ್ಣೆ ಕೊಟ್ಟು, ಬಡಿಸಿ, ಇನ್ನೆರಡು ದಿನ ಇರಿ ಅಂತ ಒತ್ತಾಯ ಮಾಡುತ್ತಾರೆ. ಆ ಉಪಚಾರದ ಹಿಂದೆ ಏನಿದೆ ಅಂತ ನಿನಗೆ ಓದುತ್ತಾ ಹೋದಂತೆ ಗೊತ್ತಾಗುತ್ತದೆ. ನಮ್ಮ ಸೀಮೆಯಲ್ಲಿ ಈಗ ಎಷ್ಟು ಮನೆಗಳಲ್ಲಿ ಇಬ್ಬರೇ ಮುದುಕರು ಇದ್ದಾರೆ ಅಂತ ನಿನಗೇ ಗೊತ್ತಲ್ಲ, ತೋಟ ಇದೆ, ಮನೆ ಇದೆ, ಮಕ್ಕಳು ಬೆಂಗಳೂರು ಮುಂಬೈ. ಎಂಬತ್ತು ವರ್ಷದ ಹಿಂದೆ ಬರೆದದ್ದು ಈಗ ಇನ್ನೂ ಹೆಚ್ಚು ನಿಜವಾಗಿದೆ. ಇದನ್ನು ನಿನ್ನನ್ನು ಚುಚ್ಚಲಿಕ್ಕೆ ಬರೆಯುತ್ತಿಲ್ಲ ಕೂಸೇ, ನೀನು ಅಲ್ಲಿರುವುದು ನಮಗೆ ಸಂತೋಷವೇ.

ಇನ್ನು ರೈಲಿಗೆ ಅಂತಲೇ ಹೇಳುವುದಾದರೆ ಕೊಡಗಿನ ಗೌರಮ್ಮನ ಕತೆಗಳು. ಒಂದೊಂದು ಕತೆ ಎಂಟು ಹತ್ತು ಪುಟ, ನಾಲ್ಕು ಸ್ಟೇಷನ್ ಕಳೆಯುವುದರೊಳಗೆ ಒಂದು ಮುಗಿಯುತ್ತದೆ. 1912ರಲ್ಲಿ ಹುಟ್ಟಿ 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡರು. ನಿನಗಿಂತ ಒಂದು ವರ್ಷ ದೊಡ್ಡವರು ಅಷ್ಟೇ. ಗಾಂಧೀಜಿ ಕೊಡಗಿಗೆ ಬಂದಾಗ ನಮ್ಮ ಮನೆಗೆ ಬರಲೇಬೇಕು ಅಂತ ಉಪವಾಸ ಕೂತು, ಬಂದ ಮೇಲೆ ಮೈಮೇಲಿನ ಚಿನ್ನ ಬಿಚ್ಚಿ ಹರಿಜನ ನಿಧಿಗೆ ಕೊಟ್ಟವರು. 'ಕಂಬನಿ', 'ಚಿಗುರು' ಅಂತ ಎರಡು ಸಂಕಲನ. ವಿಧವೆಯರ ಬಗ್ಗೆ, ಸುಳ್ಳು ಹೇಳಿ ಹೋಗುವ ಗಂಡಸರ ಬಗ್ಗೆ, ಗೆಳತಿಯರ ಬಗ್ಗೆ ಅವರು ಆ ಕಾಲಕ್ಕೆ ಬರೆದ ರೀತಿ ನೋಡಿದರೆ ಆಶ್ಚರ್ಯ ಆಗುತ್ತದೆ. ನೇರ, ಚುರುಕು, ಒಂದು ಮಾತು ಹೆಚ್ಚಿಲ್ಲ.

ತ್ರಿವೇಣಿ ಹೆಸರು ನೀನು ಕೇಳಿರುತ್ತೀ, ಪುಟ್ಟಣ್ಣ ಕಣಗಾಲರ 'ಶರಪಂಜರ' ಟಿವಿಯಲ್ಲಿ ಬಂದಾಗ ನಾವಿಬ್ಬರೂ ಕೂತು ನೋಡಿದ್ದೇವೆ. ಪುಸ್ತಕ ಓದು. ಬಾಣಂತಿಯಾದಾಗ ಕಾವೇರಿಯ ಮನಸ್ಸು ಕೆಡುತ್ತದೆ, ಚಿಕಿತ್ಸೆಯಾಗುತ್ತದೆ, ಗುಣವೂ ಆಗುತ್ತದೆ. ಕತೆ ನಿಜವಾಗಿ ಶುರುವಾಗುವುದು ಅಲ್ಲಿಂದ. ಅವಳು ನಕ್ಕರೆ ಅನುಮಾನ, ಸಿಟ್ಟು ಬಂದರೆ ಅನುಮಾನ, ಸುಮ್ನೆ ಕೂತರೂ ಅನುಮಾನ. ಮನೆಯವರೆಲ್ಲ ಮತ್ತೆ ಯಾವಾಗ ಕೆಡುತ್ತದೋ ಅಂತ ಕಾಯುತ್ತಾ ಕೂತಿರುತ್ತಾರೆ. ಈಗ ಎಲ್ಲರೂ ಮನಸ್ಸಿನ ಆರೋಗ್ಯ ಅಂತ ಮಾತಾಡುತ್ತಾರೆ, ಒಳ್ಳೆಯದೇ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದವಳನ್ನು ಮನೆಯವರು ಹೇಗೆ ನೋಡುತ್ತಾರೆ ಅನ್ನುವುದನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಇನ್ನೊಂದು ಪುಸ್ತಕ ನನಗೆ ಸಿಕ್ಕಿಲ್ಲ. ತ್ರಿವೇಣಿ ಮನಶ್ಶಾಸ್ತ್ರ ಓದಿದವರು. 1963ರಲ್ಲಿ ಹೆರಿಗೆಯಾದ ಕೆಲವೇ ದಿನಕ್ಕೆ, ಇನ್ನೂ ಮೂವತ್ತೈದು ತುಂಬುವ ಮೊದಲೇ ಹೋಗಿಬಿಟ್ಟರು. ಇವರು ಇನ್ನೊಂದು ಇಪ್ಪತ್ತು ವರ್ಷ ಇದ್ದಿದ್ದರೆ ಏನೇನು ಬರೆಯುತ್ತಿದ್ದರೋ ಅಂತ ಯೋಚಿಸಿದರೆ ಈಗಲೂ ಸಂಕಟವಾಗುತ್ತದೆ.

ಭೈರಪ್ಪನವರ ಪುಸ್ತಕಗಳಲ್ಲಿ ನಿನ್ನ ಗೆಳತಿಯರೆಲ್ಲ 'ಪರ್ವ' ಓದು ಅನ್ನಬಹುದು. ಅದು ಇರಲಿ, ಮುಂದೆ ನೋಡೋಣ. ಮೊದಲು 'ಗೃಹಭಂಗ' ಓದು, 1970ರದ್ದು. ನಂಜಮ್ಮ ಅನ್ನುವ ಹೆಂಗಸು, ಕೈಲಾಗದ ಗಂಡ, ಬಾಯಿ ತೆರೆದರೆ ಬೈಗುಳ ಸುರಿಸುವ ಅತ್ತೆ. ಗಂಡನ ಶಾನುಭೋಗಿಕೆಯ ಲೆಕ್ಕವನ್ನು ಅವಳೇ ಕೂತು ಬರೆಯುತ್ತಾಳೆ, ಮುತ್ತುಗದ ಎಲೆ ತಂದು ಊಟದ ಎಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೆ ತುಂಬಿಸುತ್ತಾಳೆ. ಪ್ಲೇಗು ಬರುವ ಭಾಗ ಓದಲು ಬಹಳ ಕಷ್ಟ. ಕೊರೊನಾ ಕಂಡ ನಮಗೆ ಇನ್ನೂ ಕಷ್ಟ. ಮೈಯಲ್ಲಿ ಹುಷಾರಿಲ್ಲದಾಗ ಇದನ್ನು ಕೈಗೆತ್ತಿಕೊಳ್ಳಬೇಡ.

ಈಗ ನಿನ್ನ ಮುಂಬೈಗೆ ಬರುತ್ತೇನೆ.

ನಮ್ಮ ಕಡೆಯವರಿಗೆ ಮುಂಬೈ ಹೊಸದಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆ ಹಿಂದೆ ಬೊಂಬಾಯಿ ಪ್ರಾಂತ್ಯಕ್ಕೇ ಸೇರಿತ್ತು, ಅಂಕೋಲೆ ಕುಮಟೆಯ ಎಷ್ಟೋ ಮನೆಗಳಿಂದ ಒಬ್ಬರಾದರೂ ಅಲ್ಲಿಗೆ ಹೋಗಿದ್ದಾರೆ. ಗೋಕರ್ಣದ ಹತ್ತಿರದ ನಮ್ಮ ಹನೇಹಳ್ಳಿ ಗೊತ್ತಲ್ಲ. ಅಲ್ಲಿ 1928ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಮುಂಬೈಗೆ ಹೋಗಿ, ರಸಾಯನ ಉದ್ಯಮದಲ್ಲಿ ದುಡಿದು, ಬಾಂದ್ರಾದ ಕಡಲ ಎದುರಿನ ಮನೆಯಲ್ಲಿ ಕೂತು ಜೀವಮಾನವಿಡೀ ಹನೇಹಳ್ಳಿಯನ್ನೂ ಮುಂಬೈಯನ್ನೂ ಬರೆದರು. ನೀನೂ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಅವರ ಪಕ್ಕದೂರಿನವಳು. ಅವರ 'ಶಿಕಾರಿ' ನಿನಗೆ ಅಂತಲೇ ಬರೆದ ಹಾಗಿದೆ. 1979ರಲ್ಲಿ ಬಂದ ಕಾದಂಬರಿ. ನಾಗಪ್ಪ ಅನ್ನುವವನು ಮುಂಬೈಯ ಒಂದು ಕೆಮಿಕಲ್ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ಒಂದು ದಿನ ಇದ್ದಕ್ಕಿದ್ದಂತೆ ಅವನ ಮೇಲೆ ಆರೋಪ ಬರುತ್ತದೆ, ಕೆಲಸದಿಂದ ತಾತ್ಕಾಲಿಕವಾಗಿ ತೆಗೆಯುತ್ತಾರೆ. ಏನು ತಪ್ಪು ಮಾಡಿದೆ ಅಂತಲೇ ಅವನಿಗೆ ಗೊತ್ತಿಲ್ಲ. ಯಾರು ಗೆಳೆಯ, ಯಾರು ಬೇಟೆಗಾರ ಅಂತ ಗೊತ್ತಾಗುವುದಿಲ್ಲ. ಹೋದ ವರ್ಷ ನಿನ್ನ ಆಫೀಸಿನಲ್ಲಿ ಆ ಗಲಾಟೆ ಆದಾಗ ನೀನು ರಾತ್ರಿ ಫೋನ್ ಮಾಡಿ, ಎದುರಿಗೆ ನಗುವವರೇ ಹಿಂದಿನಿಂದ ಹೀಗೆ ಮಾಡುತ್ತಾರಲ್ಲ ಅಂತ ಹೇಳಿದೆಯಲ್ಲ, ಆಗಲೇ ಈ ಪುಸ್ತಕ ಕಳಿಸಬೇಕು ಅಂದುಕೊಂಡೆ. ಆಗ ನಿನಗೆ ಓದುವ ಮನಸ್ಸು ಇರಲಿಲ್ಲ. ಈಗ ಓದು. ಸುಲಭದ ಪುಸ್ತಕ ಅಲ್ಲ, ಒಬ್ಬನ ತಲೆಯೊಳಗೇ ಸುತ್ತುತ್ತದೆ, ಅವನ ಹೆದರಿಕೆ ನಿನಗೂ ಹತ್ತುತ್ತದೆ, ಐವತ್ತು ಪುಟದ ಹೊತ್ತಿಗೆ ಬಿಟ್ಟುಬಿಡೋಣ ಅನ್ನಿಸೀತು. ಬಿಡಬೇಡ. ದೊಡ್ಡ ಕಂಪನಿಗಳಲ್ಲಿ ಮನುಷ್ಯನನ್ನು ಮುಗಿಸಲು ಕತ್ತಿ ಬೇಕಾಗಿಲ್ಲ, ಒಂದು ಕಾಗದ ಸಾಕು ಅಂತ ಅಷ್ಟು ಹಿಂದೆಯೇ ಕಂಡವರು ಅವರು.

ಚಿತ್ತಾಲರ 'ಕತೆಯಾದಳು ಹುಡುಗಿ' ಕೂಡ ಗಂಟಿನಲ್ಲಿದೆ. ಆ ಸಂಕಲನಕ್ಕೆ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ಹೆಸರಿನ ಕತೆಯಲ್ಲಿ ಮಗಳು ಆಸ್ಪತ್ರೆಯಲ್ಲಿದ್ದಾಳೆ, ಅಪ್ಪ ಪಕ್ಕದಲ್ಲಿದ್ದಾನೆ. ಇದನ್ನು ರೈಲಿನಲ್ಲಿ ಓದಬೇಡ. ಮನೆಯಲ್ಲಿ, ಬಾಗಿಲು ಹಾಕಿಕೊಂಡು ಓದು. ನಿನ್ನ ಅಪ್ಪ ಅದನ್ನು ಒಂದೇ ಸಲ ಓದಿದ್ದು, ನೀನು ಆಗ ಎರಡನೇ ಕ್ಲಾಸು, ಎದ್ದು ಬಂದು ನಿನ್ನ ತಲೆ ಸವರಿ ಹೋದರು, ನಿನಗೆ ನೆನಪಿರಲಿಕ್ಕಿಲ್ಲ.

ಅಷ್ಟು ಭಾರ ಓದಿದ ಮೇಲೆ ಜಯಂತ ಕಾಯ್ಕಿಣಿ. ಗೋಕರ್ಣದವರು, ಬಯೋಕೆಮಿಸ್ಟ್ರಿ ಓದಿ ಮುಂಬೈಯ ಔಷಧಿ ಕಂಪನಿಗಳಲ್ಲಿ ಕೆಲಸ ಮಾಡಿದವರು. ನೀನು ಅವರನ್ನು ಸಿನಿಮಾ ಹಾಡಿನಿಂದ ಬಲ್ಲೆ. 'ದಗಡೂ ಪರಬನ ಅಶ್ವಮೇಧ' ಬಂದದ್ದು 1989ರಲ್ಲಿ, 'ಅಮೃತಬಳ್ಳಿ ಕಷಾಯ' 1996ರಲ್ಲಿ. ಇವನ್ನೆಲ್ಲ ಹಳೇದು ಅನ್ನಬಹುದಾ ಅಂತ ನನಗೇ ಅನುಮಾನ, ಆದರೆ ನೀನು ಹುಟ್ಟುವ ಮೊದಲಿನದ್ದು. ದಗಡೂವಿನ ಕತೆಯಲ್ಲಿ ಮದುಮಗನನ್ನು ಕೂರಿಸಿಕೊಂಡ ಕುದುರೆ ಮೆರವಣಿಗೆ ಬಿಟ್ಟು ಮುಂಬೈಯ ಬೀದಿಯಲ್ಲಿ ಓಡಿಹೋಗುತ್ತದೆ, ಕತೆ ಅಲ್ಲಿಂದ ಶುರು. ಚಾಳುಗಳಲ್ಲಿ, ಸಣ್ಣ ಕೋಣೆಗಳಲ್ಲಿ, ಲೋಕಲ್‌ನಲ್ಲಿ ನಿನ್ನ ಪಕ್ಕ ಜೋತುಬಿದ್ದು ನಿಂತಿರುವವರ ಕತೆಗಳು. ಇವನ್ನು ಓದಿದ ಮ್ಯಾಲೆ ಆ ರೈಲಿನ ಮುಖಗಳೇ ಬೇರೆ ಥರ ಕಾಣುತ್ತವೆ. ಆ ಊರಿನಲ್ಲಿ ನಿನಗೆ ಯಾರೂ ಇಲ್ಲ ಅನ್ನಿಸುವ ದಿನ ಒಂದು ಕತೆ ತೆಗೆದು ಓದು.

ನಮ್ಮ ಕರಾವಳಿಯದ್ದೇ ಇನ್ನೂ ಇದೆ. ಸು.ರಂ. ಎಕ್ಕುಂಡಿಯವರು ಬಂಕಿಕೊಡ್ಲದ ಹೈಸ್ಕೂಲಿನಲ್ಲಿ ಬಹಳ ವರ್ಷ ಮಾಸ್ತರರಾಗಿದ್ದವರು. ಅವರ ಕಥನಕವನಗಳು ಕತೆ ಕೇಳಿದ ಹಾಗೇ ಹೋಗುತ್ತವೆ, ಪದ್ಯ ಅರ್ಥವಾಗುವುದಿಲ್ಲ ಅನ್ನುವವರಿಗೂ ಅರ್ಥವಾಗುತ್ತದೆ. 'ಬಕುಲದ ಹೂಗಳು' ಕಳಿಸಿದ್ದೇನೆ. ದಿನಕರ ದೇಸಾಯಿಯವರ ಚುಟುಕಗಳನ್ನು ಬೇರೆ ಹೇಳಬೇಕಾಗಿಲ್ಲ, 'ಗಂಟೆಯ ನೆಂಟನೆ ಓ ಗಡಿಯಾರ' ಹಾಡಿಕೊಂಡೇ ನೀನು ಬೆಳೆದದ್ದು. ಮತ್ತೆ ರವೀಂದ್ರನಾಥ ಠಾಕೂರರು ತಮ್ಮ 'ಜೀವನಸ್ಮೃತಿ'ಯಲ್ಲಿ ಕಾರವಾರದ ಬಗ್ಗೆ ಬರೆದ ಭಾಗ ಇದೆ. ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಡ್ಜ್ ಆಗಿದ್ದಾಗ, 1883ರಲ್ಲಿ, ಇವರು ಬಂದಿದ್ದರು. ಆಗ ಇಪ್ಪತ್ತೆರಡು ವರ್ಷ. ಬೆಳದಿಂಗಳಲ್ಲಿ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋದದ್ದು, ಒಬ್ಬ ರೈತನ ಮನೆಯ ಗುಡಿಸಿದ ಅಂಗಳದಲ್ಲಿ ಕೂತು ಉಂಡದ್ದು ಎಲ್ಲ ಬರೆದಿದ್ದಾರೆ. ಕೆಲವೇ ಪುಟ. ಮುಂದಿನ ಸಲ ಕಾರವಾರದಲ್ಲಿ ಇಳಿದಾಗ ಕಡಲ ದಂಡೆಯಲ್ಲಿ ಕೂತು ಓದೋಣ, ಆ ದಂಡೆಗೆ ಈಗ ಅವರದ್ದೇ ಹೆಸರು.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ನನ್ನ ಮಟ್ಟಿಗೆ ಕನ್ನಡದ ಅತಿ ದೊಡ್ಡ ಕಾದಂಬರಿ. ಅದಕ್ಕೇ ಈಗ ಕಳಿಸಿಲ್ಲ. 1967ರದ್ದು, ಬಹಳ ದೊಡ್ಡದು, ಹಳೆಮನೆ, ಕೋಣೂರು, ಹೂವಳ್ಳಿ, ಬೆಟ್ಟಳ್ಳಿ ಅಂತ ಮನೆಗಳೇ ಇಷ್ಟು, ಒಂದೊಂದು ಮನೆಯಲ್ಲಿ ಹತ್ತು ಜನ, ಮೊದಲ ನೂರು ಪುಟ ಯಾರು ಯಾರ ಮಗ ಅಂತ ಗೊಂದಲವಾಗುತ್ತದೆ. ದಿನಕ್ಕೆ ಅರ್ಧ ತಾಸು ಓದಿದರೆ ಅದು ಹಿಡಿತಕ್ಕೆ ಬರುವುದಿಲ್ಲ. ಮಳೆಗಾಲದಲ್ಲಿ ಹದಿನೈದು ದಿನ ರಜೆ ಹಾಕಿ ಬಾ, ಇಲ್ಲೇ ಓದು. ಒಂದು ಹಾಳೆಯಲ್ಲಿ ಮನೆ ಮನೆಯ ಹೆಸರು, ಜನರ ಹೆಸರು ಬರೆದುಕೋ. ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯ, ತಿಮ್ಮಿ, ಐತ, ಪೀಂಚಲು, ಇವರ ಜೊತೆ ಕಾಡಿನಲ್ಲಿ ನಡೆಯುವುದಕ್ಕೆ ಹೊರಗೆ ಮಳೆ ಇದ್ದರೇ ಚೆಂದ.

ಹಾಗೇ ಪಂಪನೂ ಈಗ ಬೇಡ. ಬನವಾಸಿ ನಮ್ಮ ಶಿರಸಿ ತಾಲೂಕಿನದ್ದೇ, ಸಾವಿರ ವರ್ಷದ ಹಿಂದೆ ಅವನು ಆ ಊರನ್ನು ನೆನೆಸಿಕೊಂಡು ಬರೆದ ಪದ್ಯಗಳು ನಿನಗೆ ಶಾಲೆಯಿಂದಲೇ ಬಾಯಿಗೆ ಬರುತ್ತವೆ. ಆದರೆ ಹಳಗನ್ನಡವನ್ನು ಒಬ್ಬಳೇ ಕೂತು ಓದಿದರೆ ಸಾಕಾಗಿಹೋಗುತ್ತದೆ, ಜೊತೆಗೆ ತಿಳಿದವರು ಒಬ್ಬರು ಬೇಕು. 'ಇಂದಿರಾಬಾಯಿ'ಯನ್ನೂ ಕಳಿಸಿಲ್ಲ. ಗುಲ್ವಾಡಿ ವೆಂಕಟರಾಯರು 1899ರಲ್ಲಿ ಬರೆದದ್ದು, ಕನ್ನಡದ ಮೊದಲ ಸಾಮಾಜಿಕ ಕಾದಂಬರಿ, ವಿಧವೆಯ ಮದುವೆಯ ಬಗ್ಗೆ ಆ ಕಾಲಕ್ಕೇ ಬರೆದರಲ್ಲ ಅಂತ ದೊಡ್ಡ ಗೌರವ ಇದೆ. ಆದರೆ ಇವತ್ತು ಓದಲು ನಿಧಾನ. ಬೇರೆಯದೆಲ್ಲ ಓದಿ ರುಚಿ ಹತ್ತಿದ ಮೇಲೆ ನೋಡು.

ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಮಾತ್ರ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರು, ಡಿ.ವಿ.ಜಿ.ಯವರ ಮಗ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಕತೆ, ಪ್ರತಿ ಗಿಡದ ಚಿತ್ರವನ್ನೂ ಅವರೇ ಬರೆದದ್ದು. ಓದುತ್ತಾ ನೀನು ಗಟ್ಟಿಯಾಗಿ ನಗುತ್ತೀ, ರೈಲಿನಲ್ಲಿ ಜನ ನೋಡಿದರೆ ನೋಡಲಿ. ವಿಜ್ಞಾನವನ್ನು ಕನ್ನಡದಲ್ಲಿ ಹೇಳಲು ಬರುವುದಿಲ್ಲ ಅಂತ ನೀನು ವಾದ ಮಾಡುತ್ತಿದ್ದೆಯಲ್ಲ. 1976ರಲ್ಲೇ ಇವರು ಹೇಳಿ ತೋರಿಸಿದ್ದಾರೆ. ಮುಗಿದ ಮೇಲೆ ತೇಜಸ್ವಿಯವರ 'ಕರ್ವಾಲೊ' ಓದು, ಹಾರುವ ಓತಿಯ ಹಿಂದೆ ಒಬ್ಬ ವಿಜ್ಞಾನಿ, ಒಬ್ಬ ಜೇನು ಹಿಡಿಯುವವ ಹೊರಡುವ ಕತೆ. ಅದು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಕಳಿಸಿಲ್ಲ.

ಓದುವ ರೀತಿಯ ಬಗ್ಗೆ ಸ್ವಲ್ಪ. ಹಳೇ ಕಾದಂಬರಿಗಳು ನಿಧಾನ ಶುರುವಾಗುತ್ತವೆ, ಮೊದಲ ಹತ್ತು ಪುಟದಲ್ಲಿ ಬರೀ ಊರು, ಮನೆ, ಮಳೆ. ಆ ಹತ್ತು ಪುಟಕ್ಕೆ ತಾಳ್ಮೆ ಕೊಡು. ಆಡುಮಾತಿನಲ್ಲಿ ತಿಳಿಯದ ಶಬ್ದ ಬಂದರೆ ನಿಲ್ಲಬೇಡ, ಮುಂದೆ ಹೋದರೆ ತಾನೇ ಬಿಡಿಸಿಕೊಳ್ಳುತ್ತದೆ. ಅವರು ಹೆಂಗಸರ ಬಗ್ಗೆ, ಜಾತಿಯ ಬಗ್ಗೆ ಬರೆದ ಕೆಲವು ಮಾತು ನಿನಗೆ ಸಿಟ್ಟು ತರಿಸುತ್ತವೆ. ಸಿಟ್ಟು ಬರಲಿ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿಡು, ನಾನೂ ಹಾಗೇ ಬರೆದಿದ್ದೇನೆ, ನಿನಗೆ ಕಾಣುತ್ತದೆ. ಕೆಲವು ಪುಸ್ತಕಗಳಲ್ಲಿ ನನ್ನದಕ್ಕಿಂತ ಹಳೇ ಅಕ್ಷರ ಇದೆ, ಅದು ಅಜ್ಜನದ್ದು. ಅವರು ಧಾರವಾಡದ ಮನೋಹರ ಗ್ರಂಥಮಾಲೆಯ ಚಂದಾದಾರರಾಗಿದ್ದರು, ವರ್ಷಕ್ಕಿಷ್ಟು ಅಂತ ದುಡ್ಡು ಕಟ್ಟಿದರೆ ಅಂಚೆಯಲ್ಲಿ ಪುಸ್ತಕ ಬರುತ್ತಿತ್ತು. ಅಡಿಕೆಗೆ ರೇಟು ಬಿದ್ದ ವರ್ಷವೂ ಚಂದಾ ನಿಲ್ಲಿಸಿದವರಲ್ಲ.

ಇವು ಮುಗಿದರೆ ಅಲ್ಲೂ ಸಿಗುತ್ತವೆ. ಮಾಟುಂಗದಲ್ಲಿ ಮೈಸೂರು ಅಸೋಸಿಯೇಷನ್ ಇದೆ, ಕರ್ನಾಟಕ ಸಂಘ ಇದೆ, ಹೋಗಿ ಕೇಳಿ ನೋಡು. ಅಚ್ಚಿನಲ್ಲಿ ಇಲ್ಲದ ಎಷ್ಟೋ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಹಾಕಿದ್ದಾರೆ. ನಮ್ಮಲ್ಲಿ ಲೇಖಕರು ತೀರಿಕೊಂಡು 60 ವರ್ಷವಾದ ಮೇಲೆ ಹಕ್ಕುಸ್ವಾಮ್ಯ ಮುಗಿಯುತ್ತದೆ, ಹಾಗಾಗಿ ಗೌರಮ್ಮನನ್ನು ಓದಲು ಯಾರನ್ನೂ ಕೇಳಬೇಕಾಗಿಲ್ಲ. ಆದರೆ ಈಗ ಬದುಕಿರುವವರ ಪುಸ್ತಕವನ್ನು ದುಡ್ಡು ಕೊಟ್ಟೇ ತಗೋ. ಮೊಬೈಲಿನಲ್ಲಿ ಬರುವ ಕದ್ದ ಪಿಡಿಎಫ್ ಬೇಡ.

ಚಿಕ್ಕಪ್ಪನ ಮಗ ಶನಿವಾರ ಮುಂಬೈಗೆ ಬರುತ್ತಾನೆ, ಅವನ ಕೈಯಲ್ಲಿ ಗಂಟು ಕಳಿಸುತ್ತಿದ್ದೇನೆ. ತೊಡೆದೇವು ಬೇರೆ ಡಬ್ಬಿಯಲ್ಲಿದೆ, ಪುಸ್ತಕದ ಜೊತೆ ಇಟ್ಟಿಲ್ಲ, ಇರುವೆ ಹತ್ತುತ್ತದೆ. 'ಮರಳಿ ಮಣ್ಣಿಗೆ'ಯ ಬೆನ್ನು ಬಿಟ್ಟಿದೆ, ಮೈದಾ ಅಂಟು ಹಾಕಿದ್ದೇನೆ, ಪೂರ್ತಿ ಬಿಡಿಸಿ ಮಡಚಬೇಡ. ಮಳೆಗಾಲದ ಬೂಸಲು ವಾಸನೆ ಇದ್ದೇ ಇರುತ್ತದೆ, ಒಂದು ದಿನ ಬಿಸಿಲು ಬೀಳುವ ಕಿಟಕಿಯಲ್ಲಿ ಇಡು. ಗೆಳತಿಯರಿಗೆ ಓದಲು ಕೊಡು, ಖಂಡಿತ ಕೊಡು, ಹೆಸರು ಬರೆದಿಟ್ಟುಕೊಂಡು ಕೊಡು. 'ಹಸುರು ಹೊನ್ನು' ಮಾತ್ರ ಯಾರಿಗೂ ಬೇಡ.

'ಫಣಿಯಮ್ಮ' ಮುಗಿದ ದಿನ ಫೋನ್ ಮಾಡು. ಹೊತ್ತಾದರೂ ಚಿಂತೆಯಿಲ್ಲ. ದೊಡ್ಡಜ್ಜಿಯ ಬಗ್ಗೆ ನನಗೆ ಗೊತ್ತಿರುವಷ್ಟನ್ನು ಆವತ್ತು ಹೇಳುತ್ತೇನೆ.

ನಿನ್ನ
ಆಯಿ